ಮಗನ ಕಾಲಿನ ಗಿಣ್ಣಿಗೆ ಆಪರೇಷನ್ ಅಂತೆ, ಜೊತೆಗೆ ಹಿಮ್ಮಡಿ ಮೂಳೆನೂ ಕುಯ್ಯಬೇಕಂತೆ. ಯಾರಾದ್ರೂ ಮಾಡಿಸಿದ್ದೀರಾ?

ಟೈಲರ್ ಅಮ್ಮ, ಕೋಲಾರ · ಜೂನ್ 9, ರಾತ್ರಿ 10:40

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ನನ್ನ ಮಗನಿಗೆ 13 ವರ್ಷ, ಎಂಟನೇ ಕ್ಲಾಸು. ಖೋ ಖೋ ಅಂದ್ರೆ ಪ್ರಾಣ. ಎರಡು ವರ್ಷದಿಂದ ಎಡಗಾಲು ಪದೇ ಪದೇ ಉಳುಕ್ತಾ ಇತ್ತು. ಉಳುಕಿದಾಗೆಲ್ಲ ಎಣ್ಣೆ ನೀವಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ನಾಲ್ಕು ದಿನ ಮನೇಲಿ ಇಟ್ಕೊಂಡು ಮತ್ತೆ ಆಟಕ್ಕೆ ಬಿಡ್ತಿದ್ವಿ. ಒಂದು ಸಲ ನಮ್ಮತ್ತೆ ಮೂಳೆ ಕಟ್ಟೋರ ಹತ್ರ ಕರ್ಕೊಂಡು ಹೋಗಿ ಬಿದಿರು ದಬ್ಬೆ ಕಟ್ಟಿಸಿಕೊಂಡು ಬಂದ್ರು. ಕಳೆದ ದೀಪಾವಳಿ ಆದ್ಮೇಲೆ ಉಳುಕಿದ್ದು ಮಾತ್ರ ವಾಸಿ ಆಗ್ಲೇ ಇಲ್ಲ. ಬೆಳಗ್ಗೆ ಚೆನ್ನಾಗಿರ್ತಾನೆ, ಸಂಜೆ ಹೊತ್ತಿಗೆ ಗಿಣ್ಣು ಊದಿರುತ್ತೆ. "ಒಳಗೆ ಏನೋ ಸಿಕ್ಕಾಕ್ಕೊಂಡಂಗೆ ಆಗುತ್ತಮ್ಮ" ಅಂತಾನೆ. ಎಕ್ಸ್‌ರೇ ತೆಗೆಸಿದ್ರೆ ಏನೂ ಇಲ್ಲ ಅಂದ್ರು, ನೋವಿನ ಮಾತ್ರೆ ಬರೆದುಕೊಟ್ರು.

ಮೊದಲು ಕಂಡು ಹಿಡಿದಿದ್ದು ಯಾರು ಗೊತ್ತಾ? ಬಸ್ ಸ್ಟ್ಯಾಂಡ್ ಹತ್ರ ಚಪ್ಪಲಿ ಹೊಲಿಯೋ ತಾತ. ಮಗನ ಚಪ್ಪಲಿಗೆ ಉಂಗುಷ್ಟ ಹಾಕಿಸೋಕೆ ಕೊಟ್ಟಿದ್ದೆ. "ಇಲ್ಲಿ ನೋಡವ್ವ" ಅಂತ ಎಡಗಾಲಿನದು ತಿರುಗಿಸಿ ತೋರಿಸಿದ್ರು. ಹಿಮ್ಮಡಿ ಬೀಳೋ ಜಾಗದಲ್ಲಿ ಹೊರ ಅಂಚು ಕಾಗದದಷ್ಟು ತೆಳ್ಳಗಾಗಿತ್ತು. ಒಳ ಅಂಚಲ್ಲಿ ಹೊಸದರಲ್ಲಿ ಇದ್ದ ಗೆರೆಗಳು ಹಂಗೇ ಇದ್ವು. ಬಲಗಾಲಿನದು ಎರಡೂ ಕಡೆ ಸಮ. ಅಳತೆ ತೆಗೆಯೋದೇ ಹೊಟ್ಟೆಪಾಡು ನನಗೆ, ಸ್ವಂತ ಮಗನ ಕಾಲು ವಾಲಿರೋದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆಮೇಲೆ ಬೆಂಗಳೂರಲ್ಲಿ ಮಕ್ಕಳ ಮೂಳೆ ಡಾಕ್ಟರಿಗೆ ತೋರಿಸಿ ಎಂ.ಆರ್.ಐ. ಮಾಡಿಸಿದ್ವಿ. ಗಿಣ್ಣಿನೊಳಗೆ ಟೇಲಸ್ ಅನ್ನೋ ಮೂಳೆಯ ನೆತ್ತಿಯ ಮೇಲೆ, ಒಳಬದಿಯಲ್ಲಿ, ಕಾರ್ಟಿಲೇಜೂ (ಮೂಳೆ ಮೇಲಿನ ನುಣುಪಾದ ಹೊದಿಕೆ) ಅದರ ಕೆಳಗಿನ ಮೂಳೆಯೂ ಹಾಳಾಗಿದೆ, 9 ಮಿ.ಮೀ. ಉದ್ದ, 7 ಮಿ.ಮೀ. ಅಗಲ. ಆರು ವಾರ ಪ್ಲಾಸ್ಟರ್, ಇನ್ನೂ ಆರು ವಾರ ಕಾಲೂರದೆ ಊರುಗೋಲು, ಎಲ್ಲಾ ಆಯ್ತು. ಮೊನ್ನೆ ಮತ್ತೆ ಸ್ಕ್ಯಾನ್ ಮಾಡಿಸಿದ್ರೆ ಇದ್ದಂಗೇ ಇದೆ. ಈಗ ಆಪರೇಷನ್ ಅಂತಾರೆ. ದುರ್ಬೀನು ಹಾಕಿ ಆ ಜಾಗಕ್ಕೆ ಡ್ರಿಲ್ಲಿಂಗ್, ಜೊತೆಗೆ ಹಿಮ್ಮಡಿ ಮೂಳೆ ಕುಯ್ದು ಪಕ್ಕಕ್ಕೆ ಸರಿಸೋದು. ಇನ್ನೊಬ್ಬ ಡಾಕ್ಟರನ್ನ ಕೇಳಿದ್ರೆ ಡ್ರಿಲ್ಲಿಂಗ್ ಸಾಕು, ಹಿಮ್ಮಡಿ ಆಮೇಲೆ ನೋಡೋಣ ಅಂದ್ರು.

ನೋವಿರೋದು ಒಂದು ಕಡೆ, ಕುಯ್ಯೋದು ಇನ್ನೊಂದು ಕಡೆ. ನೋವಿಲ್ಲದ ಮೂಳೆ ಯಾಕೆ ಕುಯ್ಯಬೇಕು? ಮನೆಯವರು ಎರಡು ದಿನದಿಂದ ಮಾತೇ ಆಡ್ತಿಲ್ಲ.


ಮುಳಬಾಗಿಲು ಮೇಷ್ಟ್ರು · ಜೂನ್ 9, ರಾತ್ರಿ 11:15

ಅಕ್ಕಾ, ಧೈರ್ಯವಾಗಿರಿ. ನೀವು ಯಾವ ನೀರು ಕುಡೀತೀರಿ ಅಂತ ಮೊದಲು ನೋಡ್ಕೊಳ್ಳಿ. ನಮ್ಮ ಜಿಲ್ಲೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಎಲ್ರಿಗೂ ಗೊತ್ತು. ಒಂದು ಲೀಟರಿಗೆ 1.5 ಮಿ.ಗ್ರಾಂ. ದಾಟಬಾರದು, ಎಷ್ಟೋ ಊರಲ್ಲಿ ದಾಟಿದೆ. ನನ್ನ ಶಾಲೆಯಲ್ಲೇ ಮಂಡಿ ಬಾಗಿರೋ ಮಕ್ಕಳಿದ್ದಾರೆ, ಹಲ್ಲು ಕಂದಾಗಿರೋರಂತೂ ಲೆಕ್ಕವಿಲ್ಲ.


ಹಾಲಿನ ಡೇರಿ ಅಣ್ಣ, ಶ್ರೀನಿವಾಸಪುರ · ಜೂನ್ 10, ಬೆಳಗ್ಗೆ 5:50

ಅಮ್ಮ, ಮಗೀನ ಕಾಲು ಕುಯ್ಸಬೇಡಿ. ನಮ್ ಕಡೆ ಮೂಳೆ ಮುರಿದವ್ರಿಗೇ ಕಟ್ಟಲ್ಲೇ ವಾಸಿ ಆಗೈತೆ. ನನ್ ತೋಳೇ ಸಾಕ್ಷಿ. ಮಾವಿನ ಮರದಿಂದ ಬಿದ್ದಿದ್ದೆ, ಮೂರು ಕಟ್ಟಿಗೆ ಸರಿಹೋಯ್ತು.


ಮೂಳೆ ಪಿ.ಜಿ. · ಜೂನ್ 10, ಮಧ್ಯಾಹ್ನ 2:20

ಡ್ಯೂಟಿ ಮಧ್ಯೆ ಬರೀತಿದ್ದೀನಿ, ತಪ್ಪಿದ್ರೆ ಕ್ಷಮಿಸಿ. ನಾನು ಮೂಳೆ ವಿಭಾಗದಲ್ಲಿ ಸ್ನಾತಕೋತ್ತರ ಓದ್ತಾ ಇರೋನು, ತಜ್ಞ ಅಲ್ಲ. ಫಿಲ್ಮ್ ನೋಡದೆ ನಿಮ್ಮ ಮಗನ ಬಗ್ಗೆ ತೀರ್ಪು ಕೊಡಲ್ಲ. ಆದ್ರೆ ಆ ಡಾಕ್ಟರು ಯಾಕೆ ಹಾಗೆ ಹೇಳಿರಬಹುದು ಅಂತ ಹೇಳಬಲ್ಲೆ.

ಡೇರಿ ಅಣ್ಣನಿಗೆ ಮೊದಲು. ನಿಮ್ಮ ತೋಳು ಕೂಡಿದ್ದು ನಿಜ. ಮೂಳೆಗೆ ರಕ್ತ ಓಡಾಡುತ್ತೆ, ಅಲ್ಲಾಡದಂಗೆ ಇಟ್ರೆ ಅದೇ ಕೂಡಿಕೊಳ್ಳುತ್ತೆ. ಕಾರ್ಟಿಲೇಜ್ ಹಾಗಲ್ಲ, ಅದರೊಳಗೆ ರಕ್ತನಾಳವೇ ಇಲ್ಲ. ಅದರಲ್ಲೂ ಟೇಲಸ್ ಒಂಥರಾ ಅನಾಥ ಮೂಳೆ. ಒಂದು ಸ್ನಾಯುವೂ ಅದಕ್ಕೆ ಅಂಟಿಕೊಂಡಿಲ್ಲ, ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಕಾರ್ಟಿಲೇಜೇ, ರಕ್ತ ಒಳಗೆ ಹೋಗೋಕೆ ಸಿಗೋ ದಾರಿಗಳು ಕಡಿಮೆ. ಮೈಭಾರ ಪೂರ್ತಿ ಅದರ ನೆತ್ತಿ ಮೇಲೇ ಬೀಳುತ್ತೆ.

ಈ ಗಾಯಕ್ಕೆ ನಾಲ್ಕು ಹಂತ ಇದೆ ಅಂತ 1959ರಲ್ಲಿ ಬರ್ನ್ಟ್ ಮತ್ತು ಹಾರ್ಟಿ ಅನ್ನೋರು ವಿಂಗಡಿಸಿದ್ರು. ಜಜ್ಜಿದ್ದು, ಅರ್ಧ ಬಿಟ್ಟಿದ್ದು, ಪೂರ್ತಿ ಬಿಟ್ಟರೂ ಜಾಗದಲ್ಲೇ ಕೂತಿದ್ದು, ಕಿತ್ತು ಕೀಲೊಳಗೆ ಓಡಾಡೋದು. ಈಗ ಎಂ.ಆರ್.ಐ. ನೋಡಿ ಹೇಳ್ತೀವಿ, ಲೆಕ್ಕಾಚಾರ ಮಾತ್ರ ಹೆಚ್ಚುಕಮ್ಮಿ ಅದೇ. ಮೊದಲ ಹಂತದಲ್ಲಿ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಏನೂ ಕಾಣಲ್ಲ.

ಬೆಳವಣಿಗೆ ಫಲಕ (ಮೂಳೆ ಉದ್ದ ಬೆಳೆಯೋ ಜಾಗ) ಇನ್ನೂ ತೆರೆದಿರೋ ಮಕ್ಕಳಲ್ಲಿ ಮೊದಲು 3ರಿಂದ 6 ತಿಂಗಳು ಪ್ಲಾಸ್ಟರ್, ವಿಶ್ರಾಂತಿ ಅಂತಲೇ ನೋಡ್ತಾರೆ. ಅವರಲ್ಲಿ ವಾಸಿಯಾಗೋ ಶಕ್ತಿ ದೊಡ್ಡವರಿಗಿಂತ ಜಾಸ್ತಿ. ನಿಮ್ಮ ಡಾಕ್ಟರು ಅದನ್ನ ಮಾಡಿಯೇ ಮುಂದಕ್ಕೆ ಹೋಗಿದ್ದಾರೆ, ಆತುರ ಬಿದ್ದಿಲ್ಲ. ಆಪರೇಷನ್ ಅಂದಾಗಲೂ ಒಂದೇ ನಮೂನೆ ಅಲ್ಲ. ಮೇಲಿನ ಕಾರ್ಟಿಲೇಜ್ ಹರಿಯದೆ ಇದ್ರೆ ಅದನ್ನ ಮುಟ್ಟದೆ ಹಿಂದಿನಿಂದ, ಮೂಳೆಯ ಕಡೆಯಿಂದ ಸಣ್ಣ ತಂತಿ ಹಾಕಿ ತೂತು ಮಾಡ್ತಾರೆ. ಆ ತೂತಿನ ದಾರಿಯಲ್ಲಿ ರಕ್ತ ಬಂದು ಹೊಸ ಮೂಳೆ ತುಂಬಿಕೊಳ್ಳಲಿ ಅಂತ. ತುಂಡು ಸಡಿಲ ಆಗಿದ್ದು ಚೆನ್ನಾಗಿದ್ರೆ ದೇಹದಲ್ಲೇ ಕರಗೋ ಪಿನ್ ಹಾಕಿ ಕೂರಿಸ್ತಾರೆ. ತುಂಡು ಹಾಳಾಗಿದ್ರೆ ತೆಗೆದುಹಾಕಿ, ಕೆಳಗಿನ ಮೂಳೆಗೆ ಸಣ್ಣ ಸಣ್ಣ ಚುಚ್ಚು ಕೊಡ್ತಾರೆ, ಮೈಕ್ರೋಫ್ರಾಕ್ಚರ್ ಅಂತ. ಅದರಿಂದ ಬರೋದು ಹುಟ್ಟಿನಿಂದ ಇದ್ದ ನುಣುಪಾದ ಕಾರ್ಟಿಲೇಜ್ ಅಲ್ಲ, ನಾರು ನಾರಾದ ಬದಲಿ ಸರಕು. ಸಣ್ಣ ಗಾಯಕ್ಕೆ ನಡೆಯುತ್ತೆ. ದೊಡ್ಡದಾದ್ರೆ ಮಂಡಿಯಿಂದ ತುಣುಕು ತಂದು ಕೂರಿಸೋದು ಇತ್ಯಾದಿ ಇವೆ, ನಿಮ್ಮ ಮಗನಿಗೆ ಸದ್ಯ ಆ ಮಾತು ಬೇಡ.

ಈಗ ಹಿಮ್ಮಡಿ. ಅದು ಒಳಗಡೆಗೆ ವಾಲಿದ್ರೆ ಕಾಲು ಹೊರ ಅಂಚಿನ ಮೇಲೆ ಬೀಳುತ್ತೆ. ಚಪ್ಪಲಿ ತಾತ ತೋರಿಸಿದ್ದು ಇದನ್ನೇ. ಅದಕ್ಕೇ ಪದೇ ಪದೇ ಉಳುಕೋದು. ಅದೇ ಹೊತ್ತಿಗೆ ಮೇಲೆ ಕೀಲಿನಲ್ಲಿ ಭಾರ ಒಳಬದಿಗೆ ಸರಿಯುತ್ತೆ. ಗಾಯ ಎಲ್ಲಿದೆ ಅಂದ್ರಿ? ಒಳಬದಿಯಲ್ಲಿ. ಹೊರಗೆ ವಾಲೋ ಚಪ್ಪಟೆ ಪಾದದಲ್ಲಿ ಇದು ತಿರುಗಾಮುರುಗಾ, ಭಾರ ಹೊರಬದಿಗೆ ಬೀಳುತ್ತೆ.

ಒಂದು ಪ್ರಶ್ನೆ. ಒಂದೇ ಕಾಲು ವಾಲಿ ಪಾದದ ಕಮಾನು ಎತ್ತರ ಆಗಿದ್ರೆ ನರದ ಪರೀಕ್ಷೆ, ಬೆನ್ನುಹುರಿಯ ಸ್ಕ್ಯಾನ್ ಆಗಲೇಬೇಕು. ಆಗಿದೆಯಾ?

ಮೇಷ್ಟ್ರೇ, ಫ್ಲೋರೈಡ್ ಮಾತು ಸುಳ್ಳಲ್ಲ. ಆದ್ರೆ ಅದು ಮಂಡಿ ಬಾಗಿಸಿದ್ರೆ ಸಾಮಾನ್ಯವಾಗಿ ಎರಡೂ ಕಾಲಿಗೆ ಹೊಡೆಯುತ್ತೆ, ಒಂದೇ ಹಿಮ್ಮಡಿ ಹಿಡಿಯಲ್ಲ. ನಿಮ್ಮ ಶಾಲೆಯ ಆ ಮಕ್ಕಳನ್ನ ಬೆಳವಣಿಗೆ ಮುಗಿಯೋದ್ರೊಳಗೆ ತೋರಿಸಿ. ಮೊದಲು ಕ್ಯಾಲ್ಸಿಯಂ, ವಿಟಮಿನ್ ಡಿ ನೋಡ್ತಾರೆ. ಬೇಕಾದ್ರೆ ಬೆಳವಣಿಗೆ ಫಲಕದ ಒಂದು ಬದಿಗೆ ಪುಟ್ಟ ಪ್ಲೇಟ್ ಹಾಕಿ ಕಾಲು ಬೆಳೀತಾ ಬೆಳೀತಾ ತಾನೇ ನೆಟ್ಟಗಾಗೋ ಹಾಗೆ ಮಾಡ್ತಾರೆ. ವಯಸ್ಸು ಮೀರಿದ್ರೆ ಆ ದಾರಿ ಮುಚ್ಚಿಹೋಗುತ್ತೆ, ಆಮೇಲೆ ಮೂಳೆ ಕುಯ್ಯೋದೇ.


ಹಾಲಿನ ಡೇರಿ ಅಣ್ಣ, ಶ್ರೀನಿವಾಸಪುರ · ಜೂನ್ 10, ಸಂಜೆ 7:05

ಡಾಕ್ಟ್ರೇ, ಗೊತ್ತಿಲ್ದೆ ಅಂದೆ, ತಪ್ಪಾಯ್ತು. ಅಮ್ಮ, ಹಾಲಿನ ಸೊಸೈಟಿ ಮೆಂಬರ್ ಆಗಿದ್ರೆ ಯಶಸ್ವಿನಿ ಕಾರ್ಡ್ ಕೇಳ್ನೋಡಿ. ಮಧ್ಯೆ ನಿಂತೋಗಿತ್ತು, ಈಗ ಮತ್ತೆ ಐತೆ.


ಟೈಲರ್ ಅಮ್ಮ, ಕೋಲಾರ · ಜೂನ್ 10, ರಾತ್ರಿ 9:30

ಡಾಕ್ಟರ್ ತಮ್ಮಾ, ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ. ಬೆನ್ನುಹುರಿ ಸ್ಕ್ಯಾನ್, ಕರೆಂಟ್ ಕೊಟ್ಟು ಮಾಡೋ ನರದ ಟೆಸ್ಟ್ ಎರಡೂ ಆಗಿದೆ, ನಾರ್ಮಲ್. ಅವನಿಗೆ ಮೂರು ವರ್ಷ ಇದ್ದಾಗ ಅದೇ ಕಾಲಿನ ಪಾದ ಸೈಕಲ್ ಚಕ್ರಕ್ಕೆ ಸಿಕ್ಕಿತ್ತು. ಅದರಿಂದಲೂ ಇರಬಹುದು ಅಂದ್ರು.

ನೀವು ಬರೆದಿದ್ದನ್ನ ಮನೆಯವರಿಗೆ ಓದಿ ಹೇಳಿದೆ. ಅವರಿಗೆ ಅರ್ಥ ಆಗ್ಲಿಲ್ಲ. ಆಮೇಲೆ ನನ್ನ ಭಾಷೆಯಲ್ಲಿ ಹೇಳಿದೆ. ರವಿಕೆ ಕಂಕುಳಲ್ಲಿ ಹರಿದು ಬರುತ್ತೆ. ಹರಿದ ಜಾಗಕ್ಕೆ ಹೊಲಿಗೆ ಹಾಕಿ ಕೊಟ್ರೆ ಹದಿನೈದು ದಿನಕ್ಕೆ ಮತ್ತೆ ಅಲ್ಲೇ ಹರಿಯುತ್ತೆ. ಯಾಕಂದ್ರೆ ತಪ್ಪಿರೋದು ಕಂಕುಳಲ್ಲಲ್ಲ, ಬೆನ್ನಿನ ಕಟಿಂಗ್ ಬಿಗಿಯಾಗಿದೆ. ಪಕ್ಕದ ಹೊಲಿಗೆ ಬಿಚ್ಚಿ ಒಳಗೆ ಬಿಟ್ಟಿರೋ ಬಟ್ಟೆ ಬಿಡಿಸಬೇಕು. ಗಿರಾಕಿಗಳು ಬೈತಾರೆ, ಹರಿದಿರೋದು ಇಲ್ಲಿ, ನೀನು ಅಲ್ಲಿ ಯಾಕೆ ಬಿಚ್ತೀಯ ಅಂತ. ನಾನೂ ನಿನ್ನೆ ಡಾಕ್ಟರನ್ನ ಹಂಗೇ ಬೈದಿದ್ದೆ. ಮನೆಯವರಿಗೆ ಈಗ ಗೊತ್ತಾಯ್ತು, ಊಟಕ್ಕೆ ಕೂತ್ರು.

ಒಂದು ಸಂದೇಹ. ನಿನ್ನೆ ಮಗನ್ನ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿ, ಮೀನಖಂಡದಿಂದ ಹಿಮ್ಮಡಿವರೆಗೆ ನನ್ನ ಚಾಕ್‌ಪೀಸ್‌ನಲ್ಲಿ ಗೆರೆ ಎಳೆದೆ. ಬಲಗಾಲಿನ ಗೆರೆ ನೆಟ್ಟಗೆ ಇಳಿಯುತ್ತೆ. ಎಡಗಾಲಿನದು ಹಿಮ್ಮಡಿ ಹತ್ರ ಬಂದು ಒಳಗಡೆ ಮುರೀತು. ಮುಂದಿನಿಂದ ನೋಡಿದ್ರೂ ಹಿಮ್ಮಡಿ ಒಳಮಗ್ಗುಲಿಂದ ಇಣುಕುತ್ತೆ. ಆದ್ರೆ ಡಾಕ್ಟರು ಅವನ ಕಾಲ ಕೆಳಗೆ ಒಂದು ಮರದ ತುಂಡು ಇಟ್ಟು ಏನೋ ನೋಡಿದ್ರು. ಅದು ಏನು?


ಮೂಳೆ ಪಿ.ಜಿ. · ಜೂನ್ 11, ಬೆಳಗ್ಗೆ 6:10

ರವಿಕೆ ಉದಾಹರಣೆ ನಾನು ಕದ್ದುಕೊಳ್ತೀನಿ ಅಕ್ಕ, ವಾರ್ಡಲ್ಲಿ ಬೇಕಾಗುತ್ತೆ.

ಆ ಮರದ ತುಂಡಿನದು ಕೋಲ್ಮನ್ ಪರೀಕ್ಷೆ. ಸುಮಾರು 2.5 ಸೆಂ.ಮೀ. ದಪ್ಪದ ಹಲಗೆ ಮೇಲೆ ಹಿಮ್ಮಡಿ ಮತ್ತು ಪಾದದ ಹೊರ ಅಂಚು ಇಟ್ಟು, ಹೆಬ್ಬೆರಳ ಕಡೆಯ ಭಾಗ ಕೆಳಗೆ ಜೋತುಬೀಳೋ ಹಾಗೆ ನಿಲ್ಲಿಸ್ತಾರೆ. ಆಗ ಹಿಮ್ಮಡಿ ತಾನಾಗೇ ನೆಟ್ಟಗಾದ್ರೆ ತಪ್ಪು ಮುಂಪಾದದಲ್ಲಿ, ಹೆಬ್ಬೆರಳ ಹಿಂದಿನ ಮೂಳೆ ಕೆಳಗೆ ಬಾಗಿರೋದ್ರಲ್ಲಿ ಅಂತ ಅರ್ಥ. ಅದನ್ನ ಸರಿಮಾಡಿದ್ರೆ ಹಿಮ್ಮಡಿ ಕುಯ್ಯೋದೇ ಬೇಡವಾಗಬಹುದು. ನೆಟ್ಟಗಾಗದೆ ಇದ್ರೆ ಹಿಮ್ಮಡಿಯೇ ಗಟ್ಟಿಯಾಗಿ ವಾಲಿದೆ ಅಂತ. ನಿಮ್ಮ ಮಗನದು ನೆಟ್ಟಗಾಗಿರಲ್ಲ. ಕೇಳಿ ನೋಡಿ.

ಇನ್ನೆರಡು ಮಾತು ಅವರನ್ನ ಕೇಳಿ. ಒಂದು, ಡ್ರಿಲ್ ಯಾವ ದಾರಿಯಲ್ಲಿ ಹೋಗುತ್ತೆ. ಮೊಣಕಾಲ ಕೆಳಗಿನ ದೊಡ್ಡ ಮೂಳೆಯ ಬೆಳವಣಿಗೆ ಫಲಕ ಗಿಣ್ಣಿನ ಮೇಲೇ ಇದೆ, ಹುಡುಗರಲ್ಲಿ ಸುಮಾರು 16ಕ್ಕೆ ಮುಚ್ಚುತ್ತೆ. ದೊಡ್ಡವರಲ್ಲಿ ಒಳಗಿಣ್ಣಿನ ಮೂಳೆ ಕುಯ್ದು ದಾರಿ ಮಾಡ್ಕೋತಾರೆ, ಮಕ್ಕಳಲ್ಲಿ ಅದನ್ನ ಆದಷ್ಟೂ ತಪ್ಪಿಸಬೇಕು. ಎರಡನೇದು, ಹಿಮ್ಮಡಿಯನ್ನ ಹೊರಗಡೆಗೆ ಸರಿಸಿದಾಗ ಒಳಮಗ್ಗುಲ ನರಕ್ಕೆ ಎಳೆತ ಬೀಳಬಹುದು, ಹೊರಮಗ್ಗುಲಲ್ಲಿ ಕುಯ್ದ ಜಾಗದ ಹತ್ರ ಚರ್ಮದ ನರ ಜೋಮು ಹಿಡೀಬಹುದು. ಹೆಚ್ಚಿನಂಶ ಹೋಗುತ್ತೆ. ಮೊದಲೇ ಗೊತ್ತಿದ್ರೆ ಗಾಬರಿ ಆಗಲ್ಲ.


ಚಿಂತಾಮಣಿ ಸೊಸೆ · ಜೂನ್ 11, ಮಧ್ಯಾಹ್ನ 12:45

ನನ್ನ ಮಗಳದು ಹುಟ್ಟಿನಿಂದಲೇ ಸೊಟ್ಟ ಪಾದ, ಕ್ಲಬ್‌ಫುಟ್ ಅಂತಾರಲ್ಲ ಅದು. ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಂದು ಪ್ಲಾಸ್ಟರ್ ಹಾಕಿ ಚೆನ್ನಾಗಿ ತಿರುಗಿಸಿಕೊಟ್ರು. ಆಮೇಲೆ ಕಂಬಿ ಹಾಕಿದ ಬೂಟು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕು ವರ್ಷ ತುಂಬೋವರೆಗೂ ರಾತ್ರಿ ಹೊತ್ತು ಅಂದಿದ್ರು. ನಾವು ಎರಡು ವರ್ಷಕ್ಕೇ ಬಿಟ್ವಿ. ಮಗು ಅಳುತ್ತೆ, ನಮ್ಮತ್ತೆಗೆ ನೋಡಕ್ಕಾಗ್ತಿರಲಿಲ್ಲ. ನನಗೂ ಆಗ್ತಿರಲಿಲ್ಲ ಬಿಡಿ, ಬರೀ ಅತ್ತೆ ಮೇಲೆ ಯಾಕೆ ಹಾಕಲಿ.

ಪಾದ ಮತ್ತೆ ತಿರುಗ್ತು. ಐದು ವರ್ಷಕ್ಕೆ ಸ್ನಾಯುವಿನ ದಾರ ಒಳಗಿಂದ ಪಾದದ ಮಧ್ಯಕ್ಕೆ ವರ್ಗಾಯಿಸೋ ಆಪರೇಷನ್ ಆಯ್ತು. ಈಗ ಅವಳಿಗೆ 11, ಸ್ಕಿಪ್ಪಿಂಗ್ ಆಡ್ತಾಳೆ. ಗಿಣ್ಣು ಇನ್ನೂ ಕೆಟ್ಟಿಲ್ಲ ಅಂತ ಪ್ರತಿ ವರ್ಷ ತೋರಿಸ್ತೀನಿ. ಬೂಟು ಹಾಕೋ ವಯಸ್ಸಿನ ಮಕ್ಕಳ ಅಮ್ಮಂದಿರು ಯಾರಾದ್ರೂ ಓದ್ತಿದ್ರೆ, ಅಳಲಿ, ಹಾಕಿ.


ಫಿಸಿಯೊ, ಚಿಕ್ಕಬಳ್ಳಾಪುರ · ಜೂನ್ 11, ರಾತ್ರಿ 8:00

ಟೈಲರ್ ಅಮ್ಮ, ಆಪರೇಷನ್ನಿಗೆ ಮೊದಲೇ ಊರುಗೋಲಲ್ಲಿ ಮೆಟ್ಟಿಲು ಹತ್ತೋದು ಇಳಿಯೋದು ಕಲಿಸಿ. ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಊರುಗೋಲು ಮುಂದೆ. ಕಂಕುಳಿಗೆ ಭಾರ ಕೊಡಬಾರದು, ಅಂಗೈಗೆ ಕೊಡಬೇಕು. ಕಂಕುಳಿಗೂ ಕೋಲಿಗೂ ಎರಡು ಬೆರಳು ಜಾಗ ಇರಲಿ. ಮನೇಲಿ ಇಂಡಿಯನ್ ಕಕ್ಕಸು ಆದ್ರೆ ಕಮೋಡ್ ಕುರ್ಚಿ ಈಗಲೇ ತನ್ನಿ. ಆಪರೇಷನ್ ಆದ ಮೇಲೆ ಅದರದ್ದೇ ದೊಡ್ಡ ಜಗಳ ಮನೇಲಿ.

ಶಾಲೇಲಿ ಎಂಟನೇ ಕ್ಲಾಸು ಮೇಲಿನ ಮಹಡಿ ಆಗಿದ್ರೆ ಕೆಳಗೆ ಕೂರಿಸೋಕೆ ಹೆಡ್‌ಮೇಷ್ಟ್ರಿಗೆ ಒಂದು ಅರ್ಜಿ ಕೊಡಿ.


ಟೈಲರ್ ಅಮ್ಮ, ಕೋಲಾರ · ಜೂನ್ 19

ತಮ್ಮ ಹೇಳಿದ್ದೇ ಸರಿ. ಮರದ ತುಂಡಿನ ಮೇಲೆ ಹಿಮ್ಮಡಿ ನೆಟ್ಟಗಾಗಲಿಲ್ವಂತೆ. ಎರಡೂ ಒಟ್ಟಿಗೆ ಮಾಡಿಸೋದು ಅಂತ ತೀರ್ಮಾನ ಆಯ್ತು. ಡ್ರಿಲ್ಲಿಂಗ್ ಸಾಕು ಅಂದಿದ್ದ ಡಾಕ್ಟರಿಗೆ ಚಪ್ಪಲಿ, ಚಾಕ್ ಗೆರೆಯ ಫೋಟೊ ಎರಡೂ ತೋರಿಸಿದೆ. ಅವರು ಮೊದಲ ಸಲ ಮಗನ್ನ ಮಂಚದ ಮೇಲೆ ಮಲಗಿಸಿ ನೋಡಿದ್ರು, ನಿಲ್ಲಿಸಿ ನೋಡಿರಲಿಲ್ಲ. ಒಪ್ಪಿಕೊಂಡ್ರು, ದೊಡ್ಡ ಮನಸ್ಸು.

ದುಡ್ಡಿನ ವಿಷಯ. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಇದ್ರೆ ಪ್ಯಾಕೇಜಿನ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ನಾವು ಎಸ್.ಎನ್.ಆರ್. ಆಸ್ಪತ್ರೆಯಿಂದ ತಗೊಂಡ್ವಿ. ಆಧಾರ್, ರೇಷನ್ ಕಾರ್ಡು, ಎಂ.ಆರ್.ಐ. ಫಿಲ್ಮ್ ಎಲ್ಲಾ ಮೂಲಪ್ರತಿ ಇಟ್ಕೊಳ್ಳಿ. ಆಸ್ಪತ್ರೇಲಿ ಆರೋಗ್ಯ ಮಿತ್ರ ಅಂತ ಇರ್ತಾರೆ, ಬಿಲ್ಲಿಂಗ್ ಕೌಂಟರಿಗೆ ಹೋಗೋಕೆ ಮೊದಲು ಅವರನ್ನ ಹುಡುಕಿ. ನಾನು ತಿರುಗಾಮುರುಗಾ ಮಾಡಿ ಅರ್ಧ ದಿನ ಕಳಕೊಂಡೆ.


ಟೈಲರ್ ಅಮ್ಮ, ಕೋಲಾರ · ಆಗಸ್ಟ್ 3

ಆಯ್ತು. ಜುಲೈ 14ಕ್ಕೆ ಮಾಡಿದ್ರು. ಎರಡೂವರೆ ಗಂಟೆ. ದುರ್ಬೀನಲ್ಲಿ ನೋಡಿದಾಗ ಕಾರ್ಟಿಲೇಜ್ ಹರಿದಿರಲಿಲ್ವಂತೆ. ಕಡ್ಡಿಯಲ್ಲಿ ಒತ್ತಿದ್ರೆ ಆ ಜಾಗ ಮಾತ್ರ ಮೆತ್ತಗೆ ಒಳಗೆ ಹೋಗ್ತಿತ್ತಂತೆ. ಅದಕ್ಕೆ ಮೇಲಿಂದ ಮುಟ್ಟದೆ ಹಿಂದಿನಿಂದ ಡ್ರಿಲ್ ಮಾಡಿದ್ರು. ಹಿಮ್ಮಡಿ 8 ಮಿ.ಮೀ. ಹೊರಗೆ ಸರಿಸಿದ್ದಾರೆ, ಎರಡು ತಂತಿ. ಸಡಿಲ ಆಗಿದ್ದ ಹೊರಮಗ್ಗುಲ ಲಿಗಮೆಂಟನ್ನೂ (ಮೂಳೆಗಳನ್ನ ಹಿಡಿದಿಡೋ ಪಟ್ಟಿ) ಬಿಗಿ ಮಾಡಿದ್ರು. 8 ಮಿ.ಮೀ. ಅಂದ್ರೆ ನನ್ನ ಟೇಪಲ್ಲಿ ಒಂದು ಸೆಂಟಿಮೀಟರ್ ಕೂಡ ಇಲ್ಲ!

ಮೊದಲ ಮೂರು ರಾತ್ರಿ ಕಷ್ಟ ಆಯ್ತು, ಸುಳ್ಳು ಹೇಳಲ್ಲ. ಕಾಲು ಎದೆಮಟ್ಟಕ್ಕಿಂತ ಮೇಲೆ ದಿಂಬಿನ ಮೇಲಿಟ್ರೆ ಮಾತ್ರ ನೋವು ಇಳೀತಿತ್ತು. ಪಾದದ ಹೊರ ಅಂಚಲ್ಲಿ ಜೋಮು ಇದೆ. ತಮ್ಮ ಮೊದಲೇ ಹೇಳಿದ್ದಕ್ಕೆ ನಾನು ಗಾಬರಿ ಬೀಳಲಿಲ್ಲ, ನಮ್ಮತ್ತೆ ಬಿದ್ರು. ವಾಪಸ್ ಬರುವಾಗ ಕಾರು ಮಾಡ್ಕೊಂಡು ಬಂದ್ವಿ. ಬಂಗಾರಪೇಟೆ ಕಡೆ ರೈಲು ಹತ್ತಿಸೋಣ ಅಂತ ಮನೆಯವರು ಲೆಕ್ಕ ಹಾಕಿದ್ರು, ನಾನು ಒಪ್ಪಲಿಲ್ಲ.


ಮುಳಬಾಗಿಲು ಮೇಷ್ಟ್ರು · ಆಗಸ್ಟ್ 4

ಒಳ್ಳೇದಾಯ್ತು ಅಕ್ಕ. ನಮ್ಮ ಶಾಲೆಗೆ ಬರೋ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡಕ್ಕೆ ಮಂಡಿ ಬಾಗಿರೋ ಮೂರು ಮಕ್ಕಳನ್ನ ತೋರಿಸಿದೆ. ಇಬ್ಬರಿಗೆ ರಕ್ತ ಪರೀಕ್ಷೆ ಬರೆದಿದ್ದಾರೆ. ಮೂರನೆಯವನ ಅಪ್ಪ ಒಪ್ಪುತ್ತಿಲ್ಲ. ಮನೆಗೆ ಹೋಗಿ ಮಾತಾಡಬೇಕು.


ಟೈಲರ್ ಅಮ್ಮ, ಕೋಲಾರ · ನವೆಂಬರ್ 22

ತುಂಬಾ ಜನ ಮೆಸೇಜ್ ಮಾಡಿ ಕೇಳ್ತಿದ್ದೀರಿ, ಎಲ್ರಿಗೂ ಇಲ್ಲೇ ಬರೀತೀನಿ. ಆರು ವಾರಕ್ಕೆ ಎಕ್ಸ್‌ರೇಯಲ್ಲಿ ಹಿಮ್ಮಡಿ ಕೂಡಿತ್ತು, ತಂತಿ ತೆಗೆದ್ರು. ಆಮೇಲೆ ಬೂಟು ಹಾಕಿ ಸ್ವಲ್ಪ ಸ್ವಲ್ಪ ಭಾರ. ಮನೇಲಿರೋ ತೂಕದ ಮಷೀನ್ ಮೇಲೆ ಎಡಗಾಲು ಇಟ್ಟು 10 ಕೆ.ಜಿ. ಎಷ್ಟು ಅಂತ ಕಲಿಸಿದ್ರು ಫಿಸಿಯೊ, ವಾರವಾರ ಏರಿಸಿದ್ರು. ಈಗ ಬೂಟು ಇಲ್ಲ. ಒಂಟಿ ಕಾಲಲ್ಲಿ ನಿಲ್ಲೋದು, ರಬ್ಬರ್ ಪಟ್ಟಿ ಎಳೆಯೋದು. ಮೀನಖಂಡ ಇನ್ನೂ ಬಲಗಾಲಿಗಿಂತ ಒಂದೂವರೆ ಇಂಚು ಕಡಿಮೆ ಸುತ್ತಳತೆ ಇದೆ, ನಾನೇ ಅಳೀತೀನಿ ಪ್ರತಿ ಭಾನುವಾರ. ಸಂಜೆ ಊತ ಬರ್ತಿಲ್ಲ. ಜೋಮು ಕಿರುಬೆರಳ ಹತ್ರ ಮಾತ್ರ ಉಳಿದಿದೆ. ಓಡೋದು ಜನವರಿ ಸ್ಕ್ಯಾನ್ ನೋಡಿ ಹೇಳ್ತೀವಿ ಅಂದಿದ್ದಾರೆ. ಖೋ ಖೋ ವಿಷಯ ಡಾಕ್ಟರೂ ಎತ್ತಿಲ್ಲ, ನಾನೂ ಕೇಳಿಲ್ಲ. ಅವನು ಮಾತ್ರ ದಿನಾ ಕೇಳ್ತಾನೆ.


ಮಾಲೂರು ಅಪ್ಪ · ನವೆಂಬರ್ 23

ಅಕ್ಕ, ನಮ್ಮ ಹುಡುಗನಿಗೂ ಮುಂದಿನ ತಿಂಗಳು ಡೇಟ್ ಕೊಟ್ಟಿದ್ದಾರೆ. ಅವನದು ಚಪ್ಪಟೆ ಪಾದ, ಹಿಮ್ಮಡಿಯನ್ನ ಒಳಗಡೆಗೆ ಸರಿಸ್ತಾರಂತೆ. ಊರುಗೋಲು ಎಲ್ಲಿ ತಗೊಂಡ್ರಿ?


ಟೈಲರ್ ಅಮ್ಮ, ಕೋಲಾರ · ನವೆಂಬರ್ 23

ತಗೋಬೇಡಿ ಅಣ್ಣ, ನಮ್ಮದೇ ಇದೆ. ಹುಡುಗ ಎಷ್ಟು ಎತ್ತರ? ನಮ್ಮವನು 4 ಅಡಿ 10 ಇಂಚು, ಅದಕ್ಕೆ ತಕ್ಕ ಹಾಗೆ ತೂತು ಹೊಂದಿಸಿದ್ದೀನಿ, ಬೇಕಾದಂಗೆ ಬದಲಾಯಿಸಬಹುದು. ಕಂಕುಳ ಜಾಗಕ್ಕೆ ಮಖಮಲ್ ಬಟ್ಟೆ ಸುತ್ತಿ ಹೊಲಿದಿದ್ದೀನಿ, ಮೆರೂನ್ ಬಣ್ಣ, ಹುಡುಗ ನಾಚ್ಕೊಂಡ್ರೆ ಬಿಚ್ಚಿ ಕಪ್ಪು ಹಾಕಿಕೊಡ್ತೀನಿ. ಕೆಳಗಿನ ರಬ್ಬರ್ ಒಂದು ಸವೆದಿದೆ, ಅದೊಂದು ಹೊಸದು ಹಾಕಿಸ್ಕೊಳ್ಳಿ, ಒದ್ದೆ ನೆಲದಲ್ಲಿ ಜಾರುತ್ತೆ. ಕಮೋಡ್ ಕುರ್ಚಿನೂ ಇದೆ. ಭಾನುವಾರ ಕ್ಲಾಕ್ ಟವರ್ ಹತ್ರ ಬಂದು ಇಲ್ಲೇ ಒಂದು ಮೆಸೇಜ್ ಹಾಕಿ, ಮನೆಯವರನ್ನ ಕಳಿಸ್ತೀನಿ.